ಪಟ್ಟಿಯನ್ನು ಕೆಳಗಿನಿಂದ ಓದಿದ ಭಾನುವಾರ

ಭಾನುವಾರ, ಬೆಳಿಗ್ಗೆ ಏಳು ಗಂಟೆ ಹದಿನೈದು ನಿಮಿಷ. ಸ್ಥಳ: ತಾರ್ನಾಕ, ನಮ್ಮ ಸಲಹಾ ಕೇಂದ್ರದ ಹಿಂದಿನ ಕೋಣೆ. ಹಾಜರಿದ್ದವರು: ನಾನು ಮತ್ತು ಶಕುಂತಲಾ. ರಿಜಿಸ್ಟರಿನಲ್ಲಿ ಹೀಗೆ ಬರೆದಿದ್ದೇನೆ. ಕೆಲವು ವರ್ಷಗಳ ಹಿಂದಿನ ಮಾತು ಇದು. ರಿಜಿಸ್ಟರು ಈಗಲೂ ನನ್ನ ಮುಂದಿದೆ. ಹಾಗಾಗಿ ಗಂಟೆ, ನಿಮಿಷಗಳ ವಿಷಯದಲ್ಲಿ ನೀವು ನನ್ನ ನೆನಪನ್ನು ನಂಬಬೇಕಾಗಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆಗಳನ್ನು ನಾನು ನಂಬುವವಳಲ್ಲ. ನಮ್ಮ ತಂದೆ ಬೀದರಿನಲ್ಲಿ ರೈಲ್ವೆ ನೌಕರರಾಗಿದ್ದರು. ಮನೆಯಲ್ಲಿ ಊಟಕ್ಕೆ, ಓದಿಗೆ, ನಿದ್ದೆಗೆ ಎಲ್ಲಕ್ಕೂ ಗಡಿಯಾರವಿತ್ತು. ಆಮೇಲೆ ಮೂವತ್ತು ವರ್ಷ ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದೆ. ಯಂತ್ರ ಕೆಟ್ಟರೆ ಅದಕ್ಕೆ ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದನ್ನು ಅಲ್ಲಿ ಕಲಿತೆ. ಸತ್ತವರು ಬಂದು ಏನೋ ಹೇಳಿಹೋದರು ಎಂದು ಯಾರಾದರೂ ಶುರು ಮಾಡಿದರೆ, ಹಿಂದಿನ ರಾತ್ರಿ ಏನು ಉಂಡಿದ್ದಿರಿ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ.

ನಿವೃತ್ತಿಯ ನಂತರ ನಾನು ಕೈಹಾಕಿದ್ದು ಈ ಕೇಂದ್ರದ ಕೆಲಸಕ್ಕೆ. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಂಗಸರು ಇಲ್ಲಿಗೆ ಇ-ಮೇಲ್ ಬರೆಯುತ್ತಾರೆ. ಬಂದು ಕೂತು ಮಾತಾಡಲಾಗದವರು, ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಗೆ ಕೇಳಿಸೀತು ಎಂದು ಹೆದರುವವರು, ಯಾರದೋ ಮೊಬೈಲಿನಿಂದ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಉತ್ತರ ಕೊಡುವವಳು ಶಕುಂತಲಾ. ಕಲಬುರಗಿ ಕಡೆಯವಳು, ನಲವತ್ತರ ಆಸುಪಾಸಿನವಳು. ಬಾಯಿ ಜೋರು, ಆದರೆ ಒಬ್ಬರ ಗುಟ್ಟನ್ನು ಇನ್ನೊಬ್ಬರ ಮುಂದೆ ಬಿಚ್ಚಿದವಳಲ್ಲ.

ಈ ಪತ್ರಗಳು ಹೊರಗಿನ ಯಾವ ಕಂಪನಿಯ ಯಂತ್ರದಲ್ಲೂ ಇರಬಾರದು, ನಮ್ಮ ಸೂರಿನ ಕೆಳಗೇ ಇರಬೇಕು ಎಂದು ಹಟ ಹಿಡಿದವರು ಮಾಣಿಕರಾವ್. ನನ್ನ ಜೊತೆ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ನನ್ನ ಜೊತೆಯೇ ನಿವೃತ್ತರಾದವರು. ಕೇಂದ್ರದ ಮೊದಲ ಮೇಲ್ ಸರ್ವರನ್ನು, ಅಂದರೆ ಟಪಾಲು ಬರಮಾಡಿಕೊಂಡು ಅವರವರ ಪೆಟ್ಟಿಗೆಗೆ ಹಾಕುವ ತಂತ್ರಾಂಶವನ್ನು, ಒಂದು ಯುನಿಕ್ಸ್ ಯಂತ್ರದ ಮೇಲೆ ನಾವಿಬ್ಬರೇ ಕಟ್ಟಿದೆವು. ಸಿದ್ಧ ಪ್ಯಾಕೇಜ್ ಅವರಿಗೆ ಆಗುತ್ತಿರಲಿಲ್ಲ. ಸೋರ್ಸ್ ಕೋಡ್ ತಂದು, ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟು, ಇಲ್ಲೇ ಕಂಪೈಲ್ ಮಾಡಬೇಕು, ಅಂದರೆ ಯಂತ್ರದ ಭಾಷೆಗೆ ತಿರುಗಿಸಬೇಕು.

ಸಂಸ್ಥೆಯ ದಿನಗಳಿಂದಲೂ ಅವರ ಕ್ರಮ ಹೀಗಿತ್ತು. ಒಬ್ಬರು ರಿಜಿಸ್ಟರು ನೋಡಿ ಓದಬೇಕು, ಇನ್ನೊಬ್ಬರು ಕೀಲಿಮಣೆ ಒತ್ತಬೇಕು. ಓದುವವರು ಒತ್ತಬಾರದು, ಒತ್ತುವವರು ಓದಬಾರದು. ಕೊನೆಯ ಹೆಜ್ಜೆಗೆ ಮೊದಲು ಯಂತ್ರದಿಂದ ಮೂರು ಸಲ ಗಂಟೆ ಹೊಡೆಸುತ್ತಿದ್ದರು. ಅದಕ್ಕೆಂದೇ ಒಂದು ಪುಟ್ಟ ಆದೇಶ ಬರೆದಿಟ್ಟಿದ್ದರು. ಬೇಗ ಬೇಗ ಎರಡು, ಸ್ವಲ್ಪ ತಡೆದು ಇನ್ನೊಂದು. ಮೂರನೆಯದಕ್ಕೆ ಕೈ ಕೀಲಿಮಣೆಯಿಂದ ಮೇಲೇಳಬೇಕು. ಆಮೇಲೆ ಇಡೀ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. "ಮ್ಯಾಲಿಂದ ಓದಿದ್ರ ಕಣ್ಣು ನಂಬಿಬಿಡತಾವ್ರಿ ಬಾಯಾರ. ಕೆಳಗಿಂದ ಓದಿದ್ರ ಸಂಶಯ ಪಡತಾವ" ಎನ್ನುತ್ತಿದ್ದರು. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಓದುವ, ಒತ್ತುವ ನಿಯಮವನ್ನು ನಾನು ಉಳಿಸಿಕೊಂಡಿದ್ದೆ. ಗಂಟೆಯನ್ನೂ ಕೆಳಗಿನಿಂದ ಓದುವುದನ್ನೂ ಕಾಲಹರಣವೆಂದು ಬಿಟ್ಟಿದ್ದೆ.

ಹಳೆಯ ಯಂತ್ರದ ಡಿಸ್ಕು ಕಟಕಟ ಶಬ್ದ ಮಾಡಲು ಶುರುವಾಗಿತ್ತು. ಹೊಸ ಯಂತ್ರಕ್ಕೆ ಎಲ್ಲವನ್ನೂ ಸಾಗಿಸಲು ನನಗೆ ಸಿಕ್ಕಿದ್ದು ಆ ಒಂದು ಭಾನುವಾರ. ಸೋಮವಾರ ಹತ್ತಕ್ಕೆ ಹದಿನಾಲ್ಕು ಜನರ ಟಪಾಲು ಪೆಟ್ಟಿಗೆ ತೆರೆದಿರಬೇಕು. ಏನೇ ಆಗಲಿ ಮುಗಿಸಿಯೇ ಏಳುವುದು ಎಂದು ಕೂತೆ. ಓದಲು ಶಕುಂತಲಾ.

ಅವಳಿಗೆ ಒಂದೇ ಚಿಂತೆ. ಕೋಠಿಯ ಬಟ್ಟೆ ವ್ಯಾಪಾರಿಗಳ ಮನೆಯ ಸೊಸೆಯೊಬ್ಬಳು ಏಟು ತಾಳಲಾರದೆ ಮಗಳನ್ನು ಎತ್ತಿಕೊಂಡು ಮನೆ ಬಿಟ್ಟಿದ್ದಳು. ಯಾವ ಊರಿನ ಯಾವ ಹಾಸ್ಟೆಲಿನಲ್ಲಿದ್ದಾಳೆ ಎಂಬುದು ಅವಳು ಶಕುಂತಲಾಳಿಗೆ ಬರೆದ ಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ನಮ್ಮ ಕಚೇರಿ ವ್ಯವಸ್ಥೆ ನೋಡಿಕೊಳ್ಳುವ ಪ್ರಭಾಕರ ಅವಳ ಗಂಡನಿಗೆ ಸೋದರಮಾವ ಎಂಬುದು ನಮಗೆ ತಿಳಿದದ್ದು ಆ ಪತ್ರ ಬಂದ ಮೇಲೆ.

"ಪ್ರಭಾಕರಣ್ಣ ಕೆಟ್ಟ ಮನಶ್ಯಾ ಅಲ್ರಿ ಅಕ್ಕಾರ" ಎಂದಳು ಶಕುಂತಲಾ. "ಆದ್ರ ಅವರ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ. ಅಕ್ಕನ ಮುಂದ ಚಾ ಕುಡಕೋತ ಕುಂತ್ರ ಎಲ್ಲಾ ಹೊರಗ ಬರತೈತಿ. ನನ್ನ ಪೆಟಗಿ ನಾ ಒಬ್ಬಾಕೇ ತೆಗೀತೀನಿ ಅಂತ ಆ ಹುಡುಗಿಗೆ ಮಾತು ಕೊಟ್ಟೀನ್ರಿ."

"ಯಾರ ಪೆಟಗಿ ಅವರಿಗೇ ತೆರೀತೈತಿ. ನೀ ಓದು" ಎಂದೆ.

ಒಂಬತ್ತಕ್ಕೆ ಕಾನ್ಫಿಗರ್ ಹಂತ ಶುರುವಾಯಿತು. ತನಗೆ ಬೇಕಾದ ಸಾಮಾನೆಲ್ಲ ಯಂತ್ರದಲ್ಲಿದೆಯೇ ಎಂದು ತಂತ್ರಾಂಶ ಒಂದೊಂದಾಗಿ ಕೇಳಿಕೊಳ್ಳುವ ಹಂತ ಅದು. ಎರಡು ಸಲ ನಿಂತಿತು. ಒಮ್ಮೆ ಗೂಢಲಿಪಿಯ ಲೈಬ್ರರಿ ಸಿಗಲಿಲ್ಲವೆಂದು, ಇನ್ನೊಮ್ಮೆ ಒಂದು ಕಡತ ಇರುವ ದಾರಿಯನ್ನು ನಾನೇ ತಪ್ಪಾಗಿ ಕೊಟ್ಟೆನೆಂದು. ಸರಿಪಡಿಸಿದೆ. ಹತ್ತೂವರೆಗೆ ಕಂಪೈಲ್. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದಾಗ ಶಕುಂತಲಾ ಚಹಾದ ಫ್ಲಾಸ್ಕು ತೆಗೆದಳು. ಯಂತ್ರದ ಹತ್ತಿರ ಚಹಾ ಬೇಡ ಎಂದು ಹೊರಗೆ ಕಳಿಸಿದೆ.

"ದೇವರ ಮನ್ಯಾಗ ಸೈತ ಇಷ್ಟು ಮಡಿ ಇರಂಗಿಲ್ರಿ" ಎಂದು ಗೊಣಗುತ್ತಾ ವರಾಂಡಕ್ಕೆ ಹೋದಳು. ಬಂದ ಮೇಲೆ ಮತ್ತೆ ಓದು. "ಮೇಕ್... ಜಾಗಾ ಬಿಡ್ರಿ... ಇನ್‌ಸ್ಟಾಲ್. ಇದೊಳ್ಳೆ ಮಂತ್ರ ಓದಿದಂಗ ಆತು. ಅರ್ಥ ತಿಳೀಲಾರದ ಓದಿದ್ರ ಫಲ ಸಿಗತೈತೇನ್ರಿ?"

"ಅರ್ಥ ತಿಳದವರೇ ತಪ್ಪ ಓದೂದು. ನೀ ಅಕ್ಷರ ಓದು, ಸಾಕು."

ಹನ್ನೊಂದೂವರೆಗೆ ಇನ್‌ಸ್ಟಾಲ್ ಮುಗಿಯಿತು. ಹದಿನಾಲ್ಕು ಜನರ ಖಾತೆ ತೆರೆದೆ. ಹಳೆಯ ಪತ್ರಗಳನ್ನೆಲ್ಲ ನಕಲು ಮಾಡಿದೆ. ಎಣಿಸಿ ನೋಡಿದೆ: ಹದಿನಾಲ್ಕು ಪೆಟ್ಟಿಗೆ ಅಲ್ಲಿ, ಹದಿನಾಲ್ಕು ಇಲ್ಲಿ, ಪತ್ರಗಳ ಒಟ್ಟು ಸಂಖ್ಯೆಯೂ ಒಂದೇ. ಮೊದಲ ಪೆಟ್ಟಿಗೆಯಾದ ಆಡಳಿತದ ಖಾತೆಯನ್ನು ತೆರೆದು ಪರೀಕ್ಷಿಸಿದೆ. ಅಚ್ಚುಕಟ್ಟಾಗಿತ್ತು. ಒಂದೇ ವಿಳಾಸಕ್ಕೆ ಎರಡು ಯಂತ್ರ ಓಗೊಡಬಾರದಾದ್ದರಿಂದ, ಒಂದು ಗಂಟೆಗೆ ಹಳೆಯದನ್ನು ಆರಿಸಿ ಅದರ ವಿದ್ಯುತ್ ತಂತಿಯನ್ನು ಕಿತ್ತೆ. ಶಕುಂತಲಾ ಆ ತಂತಿಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡಳು.

ಉಳಿದದ್ದು ಒಂದೇ ಆದೇಶ. ಹೊರಗಿನ ಜಾಲಕ್ಕೆ ಬಾಗಿಲು ತೆರೆಯುವುದು. ತೆರೆದೊಡನೆ ಎಲ್ಲರ ಮೊಬೈಲಿಗೂ ಅವರವರ ಪೆಟ್ಟಿಗೆಯ ಪತ್ರಗಳು ತಾವಾಗಿಯೇ ಇಳಿಯುತ್ತವೆ. ಅವಳು ಓದಿದಳು, ನಾನು ಬರೆದೆ. ಎಂಟರ್ ಕೀಲಿಯ ಮೇಲೆ ಬೆರಳಿಟ್ಟೆ. ಒಂದು ಗಂಟೆ ನಲವತ್ತು ನಿಮಿಷ.

ಗಂಟೆ ಹೊಡೆಯಿತು. ಬೇಗ ಬೇಗ ಎರಡು. ಸ್ವಲ್ಪ ತಡೆದು ಇನ್ನೊಂದು.

ನನ್ನ ಕೈ ಮೇಲೆದ್ದಿತ್ತು. ನಾನು ಎತ್ತಿದೆ ಎಂದು ಹೇಳಲಾರೆ. ಮೂರನೆಯ ಗಂಟೆಗೆ ಕೈ ಎತ್ತುವುದು ಇಪ್ಪತ್ತಾರು ವರ್ಷದ ಅಭ್ಯಾಸ.

"ಏನ್ರಿ ಅದು?" ಎಂದಳು ಶಕುಂತಲಾ.

"ಏನು ಕೇಳಿದಿ? ಸರಿಯಾಗಿ ಹೇಳು."

"ಟಿಂ ಟಿಂ ಅಂತು. ಆಮ್ಯಾಲೆ ಸ್ವಲ್ಪ ತಡದು ಮತ್ತೊಮ್ಮೆ ಟಿಂ ಅಂತು. ಯಾಕ್ರಿ, ಕೆಟ್ಟತೇನು?"

ಮಾಣಿಕರಾಯರ ಗಂಟೆಯನ್ನು ಅವಳು ಎಂದೂ ಕೇಳಿದವಳಲ್ಲ. ಮೊದಲ ಯಂತ್ರ ಕಟ್ಟಿದಾಗ ಅವಳು ಕೇಂದ್ರಕ್ಕೆ ಬಂದೇ ಇರಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಕಾರಣ ಹುಡುಕಲು ಎದ್ದೆ. ಯುಪಿಎಸ್ ನೋಡಿದೆ. ಬ್ಯಾಟರಿ ತುಂಬಿತ್ತು, ಅದರ ಕೂಗೂ ಬೇರೆ, ಒಂದೇ ಉದ್ದನೆಯ ಎಳೆತ. ಹೊಸ ಯಂತ್ರದ ಮುಚ್ಚಳ ಬಿಚ್ಚಿದೆ. ಅದರೊಳಗೆ ಶಬ್ದ ಮಾಡುವ ಸ್ಪೀಕರೇ ಇರಲಿಲ್ಲ. ಮಾಣಿಕರಾಯರ ಆದೇಶವನ್ನು ನಾನು ಇತ್ತ ತಂದಿರಲಿಲ್ಲ. ಸ್ಪೀಕರ್ ಇದ್ದದ್ದು ಹಳೆಯ ಯಂತ್ರದಲ್ಲಿ, ಅದರ ತಂತಿ ಶಕುಂತಲಾಳ ತೊಡೆಯ ಮೇಲೆ. ಎರಡೂ ಮೊಬೈಲುಗಳನ್ನು ನನ್ನ ನಿಯಮದಂತೆ ವರಾಂಡದ ಕಪಾಟಿನಲ್ಲಿ ಆರಿಸಿಟ್ಟಿದ್ದೆವು. ಬೀದಿಗೆ ಇಣುಕಿದೆ. ಮಧ್ಯಾಹ್ನದ ಬಿಸಿಲಿಗೆ ಒಂದು ಆಟೋ ಕೂಡ ಇರಲಿಲ್ಲ.

ಹದಿನೈದು ನಿಮಿಷ ಹೀಗೆ ಹೋಯಿತು. ನನಗೆ ನನ್ನ ಮೇಲೇ ಸಿಟ್ಟು ಬಂತು. ಕೈ ಎತ್ತಿದ್ದಾಗಿದೆ, ಇನ್ನು ಮುಂದಿನ ಹೆಜ್ಜೆಯನ್ನೂ ಮಾಡಿ ಮುಗಿಸೋಣ ಎಂದುಕೊಂಡೆ. "ಖಾತೆಗಳ ಹಳೇ ಪಟ್ಟಿ ತೆಗಿ. ಕೆಳಗಿಂದ ಓದು" ಎಂದೆ.

"ಹದಿನಾಲ್ಕು, ಅನಿತಾ" ಎಂದಳು.

ನನ್ನ ಪರದೆಯಲ್ಲಿ ಹದಿನಾಲ್ಕನೆಯ ಹೆಸರು ಯಶೋದಾ.

ನನಗೆ ಅರ್ಥವಾಗಲು ಎರಡು ಕ್ಷಣ ಸಾಕಾಯಿತು. ಡಿಸ್ಕನ್ನು ಯಾರಾದರೂ ತೆರೆದು ನೋಡಿದರೂ ಯಾರ ಪತ್ರ ಯಾವುದು ಎಂದು ತಿಳಿಯಬಾರದೆಂದು ಮಾಣಿಕರಾವ್ ಪೆಟ್ಟಿಗೆಗಳಿಗೆ ಹೆಸರು ಹಾಕಿರಲಿಲ್ಲ, ಬರೀ ಸಂಖ್ಯೆ ಹಾಕಿದ್ದರು. ಖಾತೆಯ ಸಂಖ್ಯೆ ಯಾವುದೋ ಪೆಟ್ಟಿಗೆಯದೂ ಅದೇ. ಹಳೆಯ ಪಟ್ಟಿ ಜನ ಸೇರಿದ ಕ್ರಮದಲ್ಲಿತ್ತು. ಕಣ್ಣಿಗೆ ಒಪ್ಪವಾಗಿರಲಿ ಎಂದು ನಾನು ಹೊಸ ಖಾತೆಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ತೆರೆದಿದ್ದೆ. ಪೆಟ್ಟಿಗೆಗಳು ಹಳೆಯ ಸಂಖ್ಯೆಯಲ್ಲೇ ಬಂದಿದ್ದವು, ಜನರ ಸಂಖ್ಯೆ ಮಾತ್ರ ಬದಲಾಗಿತ್ತು. ಆಡಳಿತದ ಖಾತೆ, ಅಂದರೆ 'ಅಡ್ಮಿನ್', ಎರಡೂ ಪಟ್ಟಿಯಲ್ಲಿ ಮೊದಲನೆಯದು. ನಾನು ಪರೀಕ್ಷಿಸಿದ್ದು ಅದೊಂದನ್ನೇ.

"ಒಂಬತ್ತು ಯಾರು?" ಎಂದೆ.

"ಇಲ್ಲಿ ನಾ ಇದ್ದೀನ್ರಿ" ಎಂದಳು ಶಕುಂತಲಾ. "ಅಲ್ಲೆ?"

ಪರದೆಯಲ್ಲಿ ಒಂಬತ್ತು, ಪ್ರಭಾಕರ.

ಅವಳು ಎದ್ದು ಬಂದು ನನ್ನ ಭುಜದ ಮೇಲಿಂದ ನೋಡಿದಳು. ತಂತಿ ನೆಲಕ್ಕೆ ಬಿತ್ತು. "ಆ ಕೀಲಿ ಒತ್ತಿದ್ರ..." ಎಂದಳು. ಆ ಹಾಸ್ಟೆಲಿನ ವಿಳಾಸ ಆ ಹೊತ್ತಿಗೆ ಪ್ರಭಾಕರನ ಮೊಬೈಲಿನಲ್ಲಿರುತ್ತಿತ್ತು. ಭಾನುವಾರದ ಮಧ್ಯಾಹ್ನ ಅವನು ಎಲ್ಲಿ ಊಟಕ್ಕೆ ಹೋಗುತ್ತಾನೆ ಎಂಬುದು ಇಡೀ ಕೇಂದ್ರಕ್ಕೆ ಗೊತ್ತಿತ್ತು. ಅವನ ಅಕ್ಕನ, ಅಂದರೆ ಆ ಹುಡುಗಿಯ ಅತ್ತೆಯ ಮನೆಗೆ.

ನಾನು ತೆರೆದ ಖಾತೆಗಳನ್ನೆಲ್ಲ ಅಳಿಸಿದೆ. ಮಾಣಿಕರಾಯರ ಕ್ರಮದಲ್ಲೇ, ಜನ ಸೇರಿದ ಕ್ರಮದಲ್ಲೇ, ಮತ್ತೆ ಹದಿನಾಲ್ಕು ತೆರೆದೆ. ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿ, ಒಳಗಿನದನ್ನು ಓದದೆ, ಯಾರಿಗೆ ಬಂದ ಪತ್ರ ಎಂಬ ಒಂದು ಸಾಲನ್ನಷ್ಟೇ ನೋಡಿದೆ. ಮೇಲಿಂದ ಒಮ್ಮೆ, ಕೆಳಗಿನಿಂದ ಎರಡು ಸಲ. ಊಟದ ಡಬ್ಬಿ ಹಾಗೇ ಇತ್ತು. ಜೋಳದ ರೊಟ್ಟಿ ಒಣಗಿ ಹಪ್ಪಳವಾಯಿತು ಎಂದು ಶಕುಂತಲಾ ಆಮೇಲೆ ಒಂದು ವಾರ ನನ್ನನ್ನು ಆಡಿಕೊಂಡಳು.

ಆಮೇಲಿನ ದಿನಗಳಲ್ಲಿ ನಾನು ಈ ಗಂಟೆಯ ಬೆನ್ನು ಬಿಡಲಿಲ್ಲ. ಮೇಲಿನ ಮನೆಯವರನ್ನು ಕೇಳಿದೆ. ಪಕ್ಕದ ಕಟ್ಟಡದ ಲಿಫ್ಟಿನ ಶಬ್ದವನ್ನು ನಿಂತು ಕೇಳಿದೆ. ಇನ್ನೊಂದು ಭಾನುವಾರ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಒಬ್ಬಳೇ ಕೂತೆ. ಏನೂ ಕೇಳಿಸಲಿಲ್ಲ. ತಪ್ಪಿನ ಶಂಕೆ ನನ್ನ ಮನಸ್ಸಿನ ಮೂಲೆಯಲ್ಲೆಲ್ಲೋ ಇದ್ದು ಕಿವಿಗೆ ಗಂಟೆಯಾಗಿ ಕೇಳಿಸಿತು ಎಂದು ವಾದಿಸಬಹುದು. ನಾನೊಬ್ಬಳೇ ಇದ್ದಿದ್ದರೆ ಹಾಗೇ ವಾದಿಸಿ ಕಡತ ಮುಚ್ಚುತ್ತಿದ್ದೆ. ಆದರೆ ಎರಡು, ತಡೆದು ಒಂದು ಎಂದು ಹೇಳಿದವಳು ಶಕುಂತಲಾ. ಅವಳ ಕಿವಿಗೆ ನಾನು ಏನು ಹೇಳಲಿ? ಸತ್ತವರು ಬಂದರು ಎಂದು ನಾನು ಈಗಲೂ ಹೇಳುವುದಿಲ್ಲ. ಏನಾಯಿತು ಎಂದೂ ಹೇಳಲಾರೆ.

ಆ ದಿನದ್ದನ್ನು ಮುಗಿಸುತ್ತೇನೆ. ಐದು ಇಪ್ಪತ್ತಕ್ಕೆ ಹೊರಗಿನ ಬಾಗಿಲು ತೆರೆದೆ. ನಮ್ಮ ಯಂತ್ರ ಮುಚ್ಚಿದ್ದಾಗ ಬಂದ ಪತ್ರಗಳು ಕಳಿಸಿದವರ ಸರ್ವರಿನಲ್ಲೇ ಕಾದಿದ್ದು, ಆಗ ಒಂದೊಂದಾಗಿ ಇಳಿಯತೊಡಗಿದವು. ಮೂರನೆಯದು ಒಂಬತ್ತನೆಯ ಪೆಟ್ಟಿಗೆಗೆ ಬಂತು. ಶಕುಂತಲಾ ನನಗೆ ಬೆನ್ನು ಮಾಡಿ ಓದಿದಳು. "ಆ ಹುಡುಗೀ ಮಗಳ ಜ್ವರ ಇಳದೈತಂತ್ರಿ" ಎಂದಳು, ಅಷ್ಟೇ.

ರಿಜಿಸ್ಟರಿನಲ್ಲಿ ಕೊನೆಯ ನಮೂದು ಮಾಡಲು ಕೂತೆ. ಕೆಲಸ ನಡುವೆ ನಿಂತರೆ ಸಮಯ ಬರೆದು ಮುಂದೆ ಕಾರಣ ಬರೆಯಬೇಕೆಂಬುದು ಮಾಣಿಕರಾವ್ ಗೆರೆ ಎಳೆದು ಮಾಡಿಟ್ಟ ಕ್ರಮ. ಬೆಳಿಗ್ಗೆ ಎರಡು ಸಲ ನಿಂತದ್ದಕ್ಕೆ ಕಾರಣ ಬರೆದಿದ್ದೆ. ಮಧ್ಯಾಹ್ನ ನಿಂತದ್ದಕ್ಕೆ ಒಂದು ನಲವತ್ತು ಎಂದು ಸಮಯ ಬರೆದೆ. ಅಷ್ಟು ವರ್ಷಗಳ ಆ ರಿಜಿಸ್ಟರಿನಲ್ಲಿ ಖಾಲಿ ಬಿಟ್ಟ ಮನೆ ಒಂದೂ ಇರಲಿಲ್ಲ. ಆ ಸಮಯದ ಮುಂದಿನ ಕಾರಣದ ಮನೆಯೊಂದನ್ನು ಖಾಲಿ ಬಿಟ್ಟೆ. ಕೆಳಗೆ ಸಹಿ ಮಾಡಿದೆ, ಶಕುಂತಲಾ ಸಹಿ ಮಾಡಿದಳು, ಆರು ಗಂಟೆ ಹತ್ತು ನಿಮಿಷಕ್ಕೆ ಕೋಣೆಗೆ ಬೀಗ ಹಾಕಿದೆವು.