ಮೆಸ್ಸಿನ ಅಡುಗೆಯವರ ಪಿತ್ತಕೋಶ

ಸೈನ್ಯದ ಡಾಕ್ಟರುಗಳಲ್ಲಿ ಸರ್ಜನ್ನರು ರಾಜರು, ಫಿಜಿಷಿಯನ್ನರು ಮಂತ್ರಿಗಳು. ರೋಗ ಬಾರದಂತೆ ತಡೆಯುವುದರಲ್ಲಿ ಸ್ಪೆಷಲಿಸ್ಟ್ ಆಗಿದ್ದ ನಾನು ಚರಂಡಿ ಡಾಕ್ಟರು. ಎಪ್ಪತ್ತರ ದಶಕದ ಆರಂಭದಲ್ಲಿ ಕೊಚ್ಚಿಯ ನೌಕಾನೆಲೆಗೆ ವರ್ಗವಾಗಿ ಬಂದಾಗ ಆ ಹೆಸರು ನನಗಿಂತ ಮೊದಲೇ ಬಂದು ಕೂತಿತ್ತು. ಸೊಳ್ಳೆಮರಿ ಹುಡುಕಲು ಹೂಕುಂಡ ಬೋರಲು ಹಾಕುವವನು, ಕಕ್ಕಸು ಇಣುಕುವವನು, ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದು ಎಲ್ಲರ ಚಹಾ ಕೆಡಿಸುವವನು. ನನ್ನ ಕೆಲಸ ಸರಿಯಾಗಿ ನಡೆದರೆ ಏನೂ ಆಗುತ್ತಿರಲಿಲ್ಲ. ಏನೂ ಆಗದ್ದಕ್ಕೆ ಪದಕ ಕೊಡುವ ಸರ್ಕಾರ ಇನ್ನೂ ಹುಟ್ಟಿಲ್ಲ.

ಒಂದು ಮಳೆಗಾಲ ತರಬೇತಿಯ ಹುಡುಗರ ಮೆಸ್ಸಿನಲ್ಲಿ ನಾಲ್ಕಾರು ಜನಕ್ಕೆ ಟೈಫಾಯ್ಡ್ ಹಿಡಿಯಿತು. ಅಡುಗೆಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿದೆ. ಸಿಕ್ಕಿಬಿದ್ದವರು ಒಬ್ಬರೇ, ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಹಿರಿಯ ಅಡುಗೆಯವರು. ಐವತ್ತು ದಾಟಿದ ಮಲಯಾಳಿ, ಗುಂಡುಕಲ್ಲಿನಂಥ ಮೈ, ಒಂದು ದಿನವೂ ತಲೆನೋವು ಎಂದವರಲ್ಲ. ಅವರು ಮಾಡುವ ಮೀನುಸಾರಿಗೆ ಕಮಾಂಡರ್ ಸಾಹೇಬರೂ ಬಾಯಿ ಬಿಡುತ್ತಿದ್ದರು. ಆದರೆ ಯಾವತ್ತೋ ಬಂದುಹೋದ ಜ್ವರದ ಕ್ರಿಮಿ ಅವರ ಪಿತ್ತಕೋಶದಲ್ಲಿ ಬಾಡಿಗೆ ಕೊಡದೆ ಸಂಸಾರ ಹೂಡಿತ್ತು. ಅದರಿಂದ ಅವರಿಗೆ ಏನೂ ಆಗದು, ಅವರ ಕೈಯಡುಗೆ ಉಂಡವರಿಗೆ ಆಗುತ್ತದೆ.

ಅಂಥವರು ಅಡುಗೆಮನೆಗೆ ಕಾಲಿಡುವಂತಿಲ್ಲ ಎಂಬುದು ನಿಯಮ. ಕಮಾಂಡರಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬರೀ ಮಸಾಲೆ ರುಬ್ಬಿಸಬಹುದಲ್ಲ ಎಂದರು. ಆಗದೆಂದೆ. ಚೇಟ್ಟನನ್ನು ತೋಟದ ಕೆಲಸಕ್ಕೆ ಹಾಕಿದರು. ಪಿತ್ತಕೋಶ ತೆಗೆಸಿದರೆ ಗುಣವಾಗಬಹುದು ಎಂದು ನನ್ನ ಹರಕು ಮಲಯಾಳಂನಲ್ಲಿ ಬಿಡಿಸಿ ಹೇಳಿದೆ. ನೋವೇ ಇಲ್ಲದ ಹೊಟ್ಟೆ ಕೊಯ್ಯಿಸು ಎನ್ನುವವನಿಗೆ ತಲೆ ಸರಿಯಿಲ್ಲ ಎಂಬಂತೆ ನನ್ನನ್ನು ನೋಡಿದರು. ಕೆಲವು ವಾರ ದಾಸವಾಳಕ್ಕೆ ನೀರು ಹೊಯ್ದರು. ಆಮೇಲೆ ಕೆಲಸ ಬಿಟ್ಟು, ಗೇಟಿನ ಎದುರಿಗೇ ಊಟದ ಅಂಗಡಿ ತೆರೆದರು.

ಮೆಸ್ಸಿನ ಹುಡುಗರನ್ನು ಉಳಿಸಲು ಹೋಗಿ ಇಡೀ ಊರಿಗೆ ಟೈಫಾಯ್ಡ್ ಬಡಿಸುವ ಏರ್ಪಾಡು ಮಾಡಿದ್ದೆ. ನಮ್ಮ ಹುಡುಗರು ಆ ಅಂಗಡಿಗೆ ಹೋಗದಂತೆ ಆಜ್ಞೆ ಹೊರಡಿಸಿದೆವು. ಊರಿನವರನ್ನು ಯಾರು ತಡೆಯಬೇಕು? ನನ್ನ ಅಧಿಕಾರ ಗೇಟಿನವರೆಗೆ. ಊರಿನ ಆರೋಗ್ಯಾಧಿಕಾರಿಯ ಹತ್ತಿರ ಹೋದೆ. ಅವರು ಎಲ್ಲ ಕೇಳಿಸಿಕೊಂಡು, ತಾವೂ ಅಲ್ಲೇ ಉಣ್ಣುವುದೆಂದೂ ಮೀನು ಬಹಳ ಚೆನ್ನಾಗಿರುತ್ತದೆಂದೂ ಹೇಳಿ ಕಳಿಸಿದರು.

ಕೇರಳದಲ್ಲಿದ್ದು ಧರಣಿ ಕಲಿಯದಿದ್ದರೆ ಹೇಗೆ? ಮರುದಿನ ಮಧ್ಯಾಹ್ನ ಬಿಳಿ ಯೂನಿಫಾರ್ಮಿನಲ್ಲೇ ಹೋಗಿ ಅಂಗಡಿಯ ಬಾಗಿಲಲ್ಲಿ ಬೆಂಚು ಹಾಕಿಕೊಂಡು ಕೂತೆ. ಯಾರಾದರೂ ವಿಚಾರಿಸಿದರೆ ಮಾತ್ರ, ನಾನು ಸಾಂಕ್ರಾಮಿಕ ರೋಗದ ಡಾಕ್ಟರು ಎನ್ನುತ್ತಿದ್ದೆ. ಅಷ್ಟು ಸಾಕಾಯಿತು. ದಿನದಿಂದ ದಿನಕ್ಕೆ ಗಿರಾಕಿಗಳು ಕರಗಿದರು. ಕೊನೆಗೆ ಚೇಟ್ಟ ಸೌಟು ಹಿಡಿದೇ ಹೊರಗೆ ಬಂದರು.

“ಎಷ್ಟು ದಿನ ಕೂರ್ತೀರಿ ಸಾರ್?”

“ನೀವು ಆಪರೇಷನ್‌ಗೆ ಒಪ್ಪೋ ತನಕ, ಚೇಟ್ಟಾ.”

ಬೈದರು. ಆ ಒಂದು ಮಧ್ಯಾಹ್ನದಲ್ಲಿ ನನ್ನ ಮಲಯಾಳಂ ಬಹಳ ಸುಧಾರಿಸಿತು. ಆಮೇಲೆ ಬೆಂಚಿನ ತುದಿಯಲ್ಲಿ ಕೂತು ಅತ್ತುಬಿಟ್ಟರು. ಅಡುಗೆ ಬಿಟ್ಟರೆ ತಮಗೆ ಬೇರೇನೂ ಬಾರದು, ಹೊಟ್ಟೆ ಕೊಯ್ಯಿಸಿದ ಮೇಲೂ ಕ್ರಿಮಿ ಉಳಿದರೆ ಏನು ಗತಿ ಎಂದರು. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ಮುಖ ಮಾಡಿದೆ. ಸೈನ್ಯದಲ್ಲಿ ಅದಕ್ಕೂ ಒಳ್ಳೆಯ ತರಬೇತಿ ಸಿಗುತ್ತದೆ.

ಕೊನೆಗೆ ಒಪ್ಪಿ ಅಂಗಡಿ ಮುಚ್ಚಿದರು. ತಿರುವನಂತಪುರದಲ್ಲಿ ಅವರ ತಂಗಿಯ ಮನೆಯಿತ್ತು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಾನು ರಜೆ ಹಾಕಿ ಹೋಗಿ ಬಾಗಿಲ ಹೊರಗೆ ಅವರ ತಂಗಿಯ ಜೊತೆ ಕೂತಿದ್ದೆ. ಆಕೆ ನನ್ನತ್ತ ಒಮ್ಮೆಯೂ ತಿರುಗಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ. ಪ್ರತಿ ಸಲವೂ ಕ್ರಿಮಿ ಇಲ್ಲ. ಕೊನೆಯ ಪರೀಕ್ಷೆಯೂ ಹಾಗೇ ಬಂದಾಗ ಆದ ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಅಂಗಡಿ ಮತ್ತೆ ತೆರೆಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಹೆದರಿಸಲು ಕೂತಾಗ ನನ್ನ ಯೂನಿಫಾರ್ಮನ್ನು ನಂಬಿದ ಊರು, ಅದೇ ಯೂನಿಫಾರ್ಮಿನಲ್ಲಿ ನಾನು ಎಲೆ ಹಾಕಿಸಿಕೊಂಡು ಉಂಡಾಗ ನಂಬಲಿಲ್ಲ. ಜೊತೆಗೆ ಊಟಕ್ಕೆ ಕರೆದರೆ, ಕಮಾಂಡರ್ ಸಾಹೇಬರಿಗೆ ಆ ವಾರವೇ ಪಥ್ಯ ಶುರುವಾಗಿತ್ತು. ಖಾಲಿ ಅಂಗಡಿಯಲ್ಲಿ ನನಗೊಬ್ಬನಿಗೇ ಬಡಿಸುತ್ತಾ ಚೇಟ್ಟ ಕೇಳಿದರು.

“ನನ್ನ ಹೊಟ್ಟೆಯಿಂದ ರೋಗ ತೆಗೆಸಿದಿರಿ. ಈ ಊರಿನವರ ಹೊಟ್ಟೆಯಿಂದ ಹೆದರಿಕೆ ಯಾರು ತೆಗೀತಾರೆ ಸಾರ್?”

ಮರುದಿನ ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಹೋಗಿ, ಬಸ್ ಸ್ಟಾಪಿನಲ್ಲಿ ನಿಂತವರಿಗೆಲ್ಲ ಕಾಣುವ ಹಾಗೆ ಮುಂದಿನ ಬೆಂಚಿನಲ್ಲಿ ಕೂತೆ. ಅನ್ನ ಕಲಸಿದೆ. ತುತ್ತು ಮಗಳ ಬಾಯಿಯ ಹತ್ತಿರ ಹೋಗುವಾಗ ನನ್ನ ಕೈ ಒಂದು ಕ್ಷಣ ತಡೆದು ನಿಂತಿತು. ಕ್ರಿಮಿ ಇಲ್ಲವೆಂಬ ಎಲ್ಲ ವರದಿಗಳನ್ನೂ ಹಿಡಿದಿದ್ದ ಕೈ ಅದು.

ಮಗಳು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಳು. ಚೇಟ್ಟ ನೋಡಿದರು. ನೋಡಿಯೂ ನೋಡದವರ ಹಾಗೆ ಸಾಂಬಾರು ತರಲು ಒಳಗೆ ಹೋದರು.