ಹೊಸ ಬೂಟಿಗೆ ಮಸಿ

ಕೋಮಯಾಗ್ವೆಲಾ ಊರಿನ ಸಂತೆಯ ಹಿಂದೆ, ಹೊಳೆಗೆ ಇಳಿಯುವ ಓಣಿಯಲ್ಲಿ ಬೀದಿ ಮಕ್ಕಳ ಊಟದ ಮನೆಯೊಂದಿದೆ. ಅಲ್ಲಿಗೆ ಪರದೇಶದಿಂದ ಹೊಸ ಬೂಟು ಬಂದಾಗಲೆಲ್ಲ ಅಡುಗೆಯ ಒತೀಲಿಯಾ ಮೊದಲು ಮಾಡುವ ಕೆಲಸ, ಅವನ್ನು ಹಾಳು ಮಾಡುವುದು. ಹಿತ್ತಲಲ್ಲಿ ಕೂತು, ತೀರಿಹೋದ ಗಂಡನ ಅರ ಹಿಡಿದು ಬೂಟಿನ ಮೂತಿ ಉಜ್ಜುತ್ತಾಳೆ. ಒಲೆಯ ಮಸಿಗೆ ಗ್ಯಾರೇಜಿನ ಸುಟ್ಟ ಎಣ್ಣೆ ಕಲಸಿ ಬಳಿಯುತ್ತಾಳೆ. ಲಾಡಿ ಕಿತ್ತು ಗೋಣಿಯ ಹುರಿ ಪೋಣಿಸುತ್ತಾಳೆ. ಬೂಟು ತಿಪ್ಪೆಯಿಂದ ಹೆಕ್ಕಿದ ಹಾಗೆ ಕಂಡರೆ ಮಾತ್ರ ಅದು ಬೀದಿ ಹುಡುಗನ ಕಾಲಲ್ಲಿ ನಿಲ್ಲುವುದು. ಹೊಸದನ್ನು ಹಾಕಿಕೊಂಡು ಸೇತುವೆ ಕೆಳಗೆ ಮಲಗಿದವನು ಬೆಳಗ್ಗೆ ಬರಿಗಾಲಲ್ಲಿ ಎದ್ದರೆ ಪುಣ್ಯವಂತ, ಏಳದೇ ಹೋದವರೂ ಇದ್ದಾರೆ. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಕಳಿಸುವವರಿಗೆ ಗೊತ್ತಿಲ್ಲ, ನಾವು ಹೇಳಿಯೂ ಇಲ್ಲ. ಪ್ರೀತಿಯಿಂದ ಕೊಟ್ಟವರ ಮುಂದೆ ಆ ಮಾತನ್ನು ಯಾವ ಬಾಯಲ್ಲಿ ಆಡುವುದು?

"ಬಂಗಾರದಂಥ ಬೂಟು, ಮಸಿ ಬಳೀತಿಯಲ್ಲೇ ಮಾರಾಯ್ತಿ," ಎಂದು ಊಟದ ಮನೆ ನೋಡಿಕೊಳ್ಳುವ ಬೌದಿಲಿಯೋ ಪ್ರತಿ ಸಲ ಗೊಣಗುತ್ತಿದ್ದ.

"ಇನ್ನೂ ಒಂಚೂರು ಉಳ್ದಿದೆ, ಮುಖ ತಗೊಂಡು ಬಾ," ಎಂದು ಅವಳೂ ಪ್ರತಿ ಸಲ ಹೇಳುತ್ತಿದ್ದಳು.

ಅವಳು ಲಾ ಪಾಸ್ ಬೆಟ್ಟದ ಕಡೆಯವಳು. ಚಿಕ್ಕವಳಿದ್ದಾಗಲೇ ಮುಸುರೆ ತಿಕ್ಕಲು ಇಲ್ಲಿಗೆ ಬಂದು, ಸಂತೆಯ ಮೆಟ್ಟಿಲ ಕೆಳಗೆ ಬೂಟು ರಿಪೇರಿ ಮಾಡುತ್ತಿದ್ದ ಎವೆಲಿಯೋನನ್ನು ಕಟ್ಟಿಕೊಂಡಳು. ಎದುರುಬದುರು ಕೂತು ಊರಿನವರ ಅಟ್ಟೆ ಹೊಲಿಯುತ್ತಲೇ ಇಬ್ಬರಿಗೂ ಕೂದಲು ನರೆಯಿತು. ಮಕ್ಕಳಾಗಲಿಲ್ಲ. ಬೀದಿ ಹುಡುಗರು ಬಂದು ಅಂಟು ಕೇಳಿದರೆ ಸಣ್ಣ ಶೀಷೆಗೆ ಸುರಿದು ಮಾರುತ್ತಿದ್ದರು. ಹಸಿವು ಮರೆಯಲು ಅದನ್ನು ಮೂಸುತ್ತಾರೆಂದು ಗೊತ್ತಿದ್ದೇ ಮಾರುತ್ತಿದ್ದರು. ಆಗ ಎಲ್ಲರೂ ಮಾರುತ್ತಿದ್ದರು. ಗಂಡ ಸತ್ತ ಮೇಲೆ ಅವಳು ಅಂಗಡಿ ಮುಚ್ಚಿ ಇಲ್ಲಿ ಅಡುಗೆಗೆ ಸೇರಿದಳು. ಪಾಪ ತೊಳೆಯಲು ಸೇರಿದಳೆಂದು ಬೌದಿಲಿಯೋ ಬಂದವರಿಗೆಲ್ಲ ಹೇಳುತ್ತಾನೆ. ಬಾಡಿಗೆ ಕಟ್ಟಲು ಸೇರಿದೆ ಎಂದು ಅವಳು ಹೇಳುತ್ತಾಳೆ.

ಸಾಮಾನು ಹಡಗಿನಲ್ಲಿ ಬರುತ್ತದೆ, ಬಂದರಿನಲ್ಲಿ ತಿಂಗಳುಗಟ್ಟಲೆ ಕೊಳೆಯುತ್ತದೆ, ಆಮೇಲೆ ಲಾರಿ ಹತ್ತುತ್ತದೆ. ಅಕ್ಕಿ, ಸೋಯಾ, ಒಣ ತರಕಾರಿ ಎಲ್ಲ ಬೆರೆಸಿದ ಪೊಟ್ಟಣಗಳು. ಮೂಳೆಗೆ ಒಳ್ಳೆಯದಂತೆ. "ಅಜ್ಜಿ, ಇದು ಕೋಳಿ ಮೇವಾ?" ಎಂದು ಮಕ್ಕಳು ಮೂಸಿ ಬದಿಗೆ ತಳ್ಳುತ್ತವೆ. ಒತೀಲಿಯಾ ಅದನ್ನು ಕೆಂಪು ಬೀನ್ಸ್ ಸಾರಿನಲ್ಲಿ ಅಡಗಿಸಿ, ಬಿಸಿ ಜೋಳದ ರೊಟ್ಟಿಯ ಜೊತೆ ಬಡಿಸಿಬಿಡುತ್ತಾಳೆ, ಆಗ ತಟ್ಟೆ ನೆಕ್ಕುತ್ತವೆ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಚಪ್ಪಟೆ ಮಾಡಿಡುತ್ತಾಳೆ. ಅವು ಮಕ್ಕಳ ಹಾಸಿಗೆ.

ಸೆಲ್ವಿನ್‌ಗೆ ಹನ್ನೊಂದೋ ಹನ್ನೆರಡೋ, ಅವನಿಗೇ ಗೊತ್ತಿರಲಿಲ್ಲ. ಸಂತೆಯಲ್ಲಿ ಟೊಮೇಟೊ ಹೊರುತ್ತಿದ್ದ, ಮಹಾ ಬಾಯಿಬಡುಕ. ಅವನ ಬೆನ್ನಿಗಂಟಿಕೊಂಡು ತಿರುಗುವ ಪುಟ್ಟನೊಬ್ಬನಿದ್ದ. ಎಲ್ಲರೂ ಅವನನ್ನು ಚಿಗಟ ಎನ್ನುತ್ತಿದ್ದರು. ಸೇತುವೆ ಕೆಳಗೆ ಇಬ್ಬರಿಗೂ ಒಂದೇ ರಟ್ಟು.

ಕಳೆದ ವರ್ಷ ಸಾಮಾನು ಕಳಿಸುವ ಚರ್ಚಿನಿಂದ ಒಬ್ಬ ಗ್ರಿಂಗಾ, ಅಂದರೆ ಪರದೇಶದ ಬಿಳಿಯ ಹೆಣ್ಣು, ಕ್ಯಾಮೆರಾ ಹಿಡಿದು ಬಂದಳು. ಒಳ್ಳೆಯ ಹುಡುಗಿ, ಮಕ್ಕಳ ಜೊತೆ ನೆಲಕ್ಕೆ ಕೂತು ಊಟ ಮಾಡಿದಳು. ಸೆಲ್ವಿನ್‌ನ ನಗು ಅವಳಿಗೆ ಹಿಡಿಸಿತು. ಫೋಟೋ ಮಟ್ಟಿಗೆ ಒಂದು ಜೊತೆ ಬಿಳಿ ಬೂಟು ಹಾಗೇ ಇರಲಿ ಎಂದ ಬೌದಿಲಿಯೋ. ಓಣಿಯಲ್ಲಿ ನಿಲ್ಲಿಸಿ ಫೋಟೋ ತೆಗೆದದ್ದಾಯಿತು, ಗ್ರಿಂಗಾ ಹೊರಟೂ ಹೋದಳು. ಒತೀಲಿಯಾ ಮಸಿಯ ಬಟ್ಟಲು ಹಿಡಿದು ಕರೆದಳು.

"ಬಾರೋ, ಬಿಚ್ಚಿ ಕೊಡು."

"ಇವತ್ತೊಂದಿನ ಬಿಡಜ್ಜಿ."

"ಬಾಯ್ಮುಚ್ಕೊಂಡು ಬಿಚ್ಚು ಅಂದೆ."

"ಅಜ್ಜಿ, ಆ ಟೊಮೇಟೊ ಅಂಗಡಿಯವ್ಳು ಈಗ ಏನಂದ್ಲು ಗೊತ್ತಾ? 'ಸ್ವಲ್ಪ ದಾರಿ ಬಿಡ್ತೀರಾ ಸ್ವಾಮಿ' ಅಂದ್ಲು. ಸ್ವಾಮಿ ಅಂತೆ! ದಿನಾ ಕಳ್ಳ ನನ್ಮಗ್ನೆ ಅನ್ನೋಳು!"

"ಗೇಲಿ ಮಾಡಿರ್ತಾಳೆ."

"ಇಲ್ಲಜ್ಜಿ, ಮುಖ ನೋಡ್ಲೇ ಇಲ್ಲ. ಕಾಲು ನೋಡ್ಕೊಂಡು ಅಂದ್ಲು."

ಒತೀಲಿಯಾಗೆ ನಗು ಬಂತು. ನಕ್ಕ ಮೇಲೆ ಬೈಯಲು ಬರಲಿಲ್ಲ. "ಕತ್ತಲಾಗೋಕ್ಮುಂಚೆ ಬಂದು ಬಳಿಸ್ಕೊಂಡೇ ಸೇತುವೆ ಕಡೆ ಹೋಗ್ಬೇಕು. ಇಲ್ಲಾಂದ್ರೆ ನಾಳೆ ಊಟ ಇಲ್ಲ, ನೋಡು."

"ದೇವ್ರಾಣೆ ಬರ್ತೀನಿ," ಎಂದು ಅವನು ಓಡಿದ. ಸಂಜೆ ಅವಳು ಬಾಗಿಲಲ್ಲಿ ಕಾದಳು. ಬರಲಿಲ್ಲ. ಬಟ್ಟಲಿಗೆ ತಟ್ಟೆ ಮುಚ್ಚಿಟ್ಟು ಮನೆಗೆ ಹೋದಳು.

ಬೆಳಗ್ಗೆ ಚಿಗಟ ಒಬ್ಬನೇ ಬಂದು ಹೊಸ್ತಿಲಲ್ಲಿ ನಿಂತಿದ್ದ.

"ಅಜ್ಜಿ, ಸೆಲ್ವಿನ್‌ನ ಕರ್ಕೊಂಡ್ಹೋದ್ರು."

"ಯಾರೋ?"

"ಪೊಲೀಸ್ರು. ಗಾಡೀಲಿ ಮಲಗಿಸ್ಕೊಂಡು."

ಶವಾಗಾರಕ್ಕೆ ಅವಳೇ ಹೋದಳು, ಇನ್ಯಾರು ಹೋಗುತ್ತಾರೆ? ಬಟ್ಟೆ ಸರಿಸಿದಾಗ ಮುಖಕ್ಕಿಂತ ಮೊದಲು ಕಾಲು ನೋಡಿದಳು. ಬೂಟಿರಲಿಲ್ಲ. ಕಾಲುಚೀಲ ಇತ್ತು, ಬೆಳ್ಳಗೆ, ಅಂಗಾಲು ಕೂಡ ಕೊಳೆಯಾಗಿರಲಿಲ್ಲ. "ಹೌದು, ನಮ್ಮವನೇ," ಎಂದಳು. ಅಳು ಬರಲಿಲ್ಲ. ಮಣ್ಣು ಹಾಕುವಾಗ ಬರಬಹುದು ಎಂದುಕೊಂಡಳು, ಆಗಲೂ ಬರಲಿಲ್ಲ. ಒಂಬತ್ತು ದಿನದ ಪ್ರಾರ್ಥನೆಗೆ ಮಕ್ಕಳನ್ನೆಲ್ಲ ಸೇರಿಸಿ ಕಾಫಿ, ಬ್ರೆಡ್ಡು ಹಂಚಿದಳು. ಯಾರಿಗೆ ಸಕ್ಕರೆ ಸಾಲದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಬೆಳಗ್ಗೆ ಕಾವಲಿ ತಾಗಿ ಬೆರಳು ಬೊಬ್ಬೆ ಬಂದದ್ದು ಸಂಜೆ ಪಾತ್ರೆ ತೊಳೆಯುವಾಗ ಕಂಡಿತು. ನೋವೆಂಬುದೇ ಇರಲಿಲ್ಲ.

"ಅತ್ಬಿಡೇ ಒಂದ್ಸಲ, ಹಗುರಾಗುತ್ತೆ," ಎಂದ ಬೌದಿಲಿಯೋ.

"ಬಂದ್ರೆ ಅಳ್ತೀನಪ್ಪ. ಬೇಕಾದ್ರೆ ಈರುಳ್ಳಿ ತಂದ್ಕೊಡು."

ಚರ್ಚಿಗೆ ಯಾರೂ ತಿಳಿಸಲಿಲ್ಲ. ತಿಳಿಸಿದರೆ ಕಳಿಸುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂದ ಬೌದಿಲಿಯೋ. ಉಳಿದ ಮಕ್ಕಳ ಹೊಟ್ಟೆಗೇನು ಗತಿ? ಅವಳಿಗೂ ಅದು ಸರಿಯೆನಿಸಿತು. ಸರಿಯೆನಿಸಿತಲ್ಲ ಎಂದು ಒಂದು ಸಲ ಹೇಸಿಗೆಯಾಯಿತು, ಆಮೇಲೆ ಅದೂ ಆಗಲಿಲ್ಲ.

ಈ ವರ್ಷ ಮಳೆ ನಿಂತ ಮೇಲೆ ಲಾರಿ ಬಂತು. ಅದರ ಹಿಂಬಾಗಿಲು ತೆಗೆದ ಬೌದಿಲಿಯೋ ಟೋಪಿ ಕೈಗೆ ತೆಗೆದುಕೊಂಡು ನಿಂತುಬಿಟ್ಟ. ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು, ಒಂದೊಂದರ ಮೇಲೂ ಸೆಲ್ವಿನ್. ನಮ್ಮದೇ ಓಣಿಯಲ್ಲಿ ನಿಂತು, ಬಿಳಿ ಬೂಟು ಮುಂದೆ ಮಾಡಿಕೊಂಡು ನಗುತ್ತಿದ್ದಾನೆ.

"ಕೆಳಗೆ ಏನ್ ಬರ್ದಿದೆ?" ಎಂದು ಕೇಳಿದಳು ಒತೀಲಿಯಾ.

"ನಿಮ್ಮಿಂದ ಇವನು ನಗ್ತಿದಾನೆ ಅಂತ."

"ಸರಿ. ಮುಖ ಗೋಡೆ ಕಡೆ ಬರೋ ಹಾಗೆ ಇಳಿಸಿ," ಎಂದು ಚಾಕು ತರಲು ಒಳಗೆ ಹೋದಳು.

ಪೊಟ್ಟಣಗಳನ್ನು ಕಪಾಟಿಗೆ ಏರಿಸಿದಳು. ಬೂಟುಗಳನ್ನು ಹಿತ್ತಲಿಗೆ ಒಯ್ದು, ಮಸಿ ಕಲಸಿ, ಅರ ಹಿಡಿದು ಕೂತಳು. ಸಂಜೆ ಮಕ್ಕಳು ರಟ್ಟಿಗಾಗಿ ಬಂದರು. ಅವಳು ಎಲ್ಲವನ್ನೂ ಬೋರಲು ಜೋಡಿಸಿಟ್ಟಿದ್ದಳು. ಚಿಗಟ ಮೇಲಿನದನ್ನು ತಿರುಗಿಸಿ ನೋಡಿದ, ಹಾಗೇ ನೋಡುತ್ತ ನಿಂತ.

"ಅದು ಬ್ಯಾಡ ಕಣೋ. ಬೇರೆ ತಗೋ."

"ಎಲ್ಲಾದ್ರಲ್ಲೂ ಅವ್ನೇ ಇದಾನಲ್ಲಜ್ಜಿ," ಎಂದ ಚಿಗಟ. "ಗೋಡೆ ಕಡೆ ಅವ್ನೇ ಮಲಗ್ತಿದ್ದ. ಹಂಗೇ ಹಾಸ್ಕೋತೀನಿ."

ಅವಳು ಹಿತ್ತಲಿಗೆ ಹೋಗಿ ಮತ್ತೆ ಅರ ಹಿಡಿದು ಕೂತಳು. ಅವನು ರಟ್ಟನ್ನು ತಲೆಯ ಮೇಲೆ ಹೊತ್ತು ಬಾಗಿಲವರೆಗೆ ಹೋದವನು ಮತ್ತೆ ತಿರುಗಿ ಹಿತ್ತಲಿಗೆ ಬಂದ. ಅವಳ ಮುಂದೆ ನೆಲದ ಮೇಲೆ ರಟ್ಟು ಹಾಸಿ, ಫೋಟೋದ ಬಿಳಿ ಬೂಟಿನ ಮೇಲೆ ಬೆರಳಿಟ್ಟ.

"ಅಜ್ಜಿ, ಇದಕ್ಕೂ ಬಳಿ. ಇಲ್ದಿದ್ರೆ ಯಾರಾದ್ರೂ ಬರ್ತಾರೆ."

ಒತೀಲಿಯಾ ಬಟ್ಟಲಿಗೆ ಬೆರಳದ್ದಿದಳು. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಮೂತಿ, ಲಾಡಿ, ಹಿಮ್ಮಡಿ, ಎಲ್ಲೂ ಬಿಳಿ ಉಳಿಯದ ಹಾಗೆ ನಿಧಾನವಾಗಿ ಬಳಿದಳು. ಬೆರಳನ್ನು ಲಂಗಕ್ಕೆ ಒರೆಸಿಕೊಂಡು ರಟ್ಟನ್ನು ಅವನ ಕಡೆ ಸರಿಸಿದಳು.

"ಆರೋವರ್ಗೂ ಮುಟ್ಬೇಡ," ಎಂದಳು.