ಪಾಟೀಲರು ಕೂತರೆ ಇಳಿಯುವ ಮುಳ್ಳು

ದೃಷ್ಟಿ, ಗ್ರಹಚಾರ, ಕಾಲ್ಗುಣ ಇವನ್ನೆಲ್ಲ ನಾನು ನಂಬಿದವನಲ್ಲ. ವಿಮಾನ ರಿಪೇರಿ ಮಾಡುವವನು ನಂಬಲೂಬಾರದು. ತಂತಿ ಸಡಿಲವಾಗಿದ್ದರೆ ಸಡಿಲ, ಬಿಗಿಯಾಗಿದ್ದರೆ ಬಿಗಿ. ನಡುವೆ ದೆವ್ವಕ್ಕೆ ಜಾಗವೆಲ್ಲಿ? ಹೀಗೆ ಜಂಬ ಕೊಚ್ಚಿಕೊಳ್ಳುತ್ತಿದ್ದ ನನಗೆ ಪಾಟೀಲರ ವಿಮಾನ ಮಣ್ಣು ಮುಕ್ಕಿಸಿತು.

ಪಾಟೀಲರು ಬೀದರಿನ ಕಡೆಯವರು, ಹೈದರಾಬಾದಿನ ಮಿಯಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವ ವ್ಯವಹಾರ. ಹಾರುವುದನ್ನು ಕಲಿತು, ಹಳೆಯದೊಂದು ಪುಟ್ಟ ವಿಮಾನ ಕೊಂಡು, ಊರ ಹೊರಗೆ ನಾನು ಕೆಲಸ ಮಾಡುವ ಏರ್‌ಸ್ಟ್ರಿಪ್‌ನಲ್ಲಿ ನಿಲ್ಲಿಸಿದ್ದರು. ಅವರಿಗಿದ್ದದ್ದು ಒಂದೇ ಆಸೆ: ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾರಬೇಕು. ಅದಕ್ಕೆ, ವಿಮಾನ ಹಾರಲು ಯೋಗ್ಯವೆಂದು ನನ್ನ ಸಹಿ ಬೇಕು. ಬ್ಯಾಟರಿ ಮಾತ್ರ ಚಾರ್ಜ್ ಆಗುತ್ತಿರಲಿಲ್ಲ.

ಬೆಲ್ಟ್ ಬದಲಿಸಿದೆ, ರೆಗ್ಯುಲೇಟರ್ ಬದಲಿಸಿದೆ, ಕೊನೆಗೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನೇ ಹೊಸದು ಹಾಕಿದೆ. ನಾನು ಕೂತು ಎಂಜಿನ್ ಓಡಿಸಿದರೆ ಮೀಟರಿನ ಮುಳ್ಳು ಚಾರ್ಜಿನ ಕಡೆ ಏರಿ ನಿಲ್ಲುತ್ತಿತ್ತು. ಪಾಟೀಲರು ಕೂತರೋ, ಸರ್ರನೆ ಕೆಳಗೆ. ಅವರ ಭಾರಕ್ಕೆ ಸೀಟಿನಡಿ ತಂತಿ ಒತ್ತುತ್ತಿರಬೇಕೆಂದು, ಅವರಿಗಿಂತ ದಪ್ಪಗಿದ್ದ ನಮ್ಮ ಮೆಕ್ಯಾನಿಕ್ ಖಲೀಲ್ ಭಾಯಿಯನ್ನು ಕೂರಿಸಿದೆ. ಮುಳ್ಳು ಮೇಲೇ ಇತ್ತು. ಪಾಟೀಲರ ಫೋನು, ವಾಚು, ಉಂಗುರ, ಕಡೆಗೆ ಬೆಳ್ಳಿಯ ಉಡದಾರವನ್ನೂ ಬಿಚ್ಚಿಸಿ ಕೂರಿಸಿದೆ. ಮುಳ್ಳು ಕೆಳಗೇ ಇತ್ತು. ಖಲೀಲ್ ಭಾಯಿ "ಯಾ ಅಲ್ಲಾ" ಎಂದು ಚಹಾಕ್ಕೆ ಹೋದವರು ತಿರುಗಿ ಬರಲಿಲ್ಲ.

"ಇನ್ನೇನ್ ಬಿಚ್ಚಲಿ, ಹೇಳ್ರಿ!" ಎಂದು ಪಾಟೀಲರು ರೇಗಿದರು.

ಅಷ್ಟರಲ್ಲಿ ಅವರ ತಾಯಿ ಕಾರಿನಿಂದ ಇಳಿದರು. ಹೊಸ ಇಳಕಲ್ ಸೀರೆ, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ನನ್ನ ಗೋಳು ಕೇಳಿ ಅವರಿಗೇನೂ ಆಶ್ಚರ್ಯವಾಗಲಿಲ್ಲ.

"ಇವಂದು ಸಣ್ಣಾಂವ ಇದ್ದಾಗಿಂದ ಹಿಂಗ ಅದರಿ. ಇಂವ ಬಾಜೂಕ ಕೂತ್ರ ರೇಡಿಯೋನೂ ಬಂದ್ ಆಗ್ತಿತ್ತು. ಬ್ಯಾರೆ ಯಾರರೆ ಓಡಸ್ತಾರೇನ್ ನೋಡ್ರಿ. ನಾ ಅಂತೂ ತಯಾರಾಗಿ ಬಂದೀನಿ."

ಪಾಟೀಲರ ಮುಖ ನೋಡಲಾಗಲಿಲ್ಲ. ಆದರೂ ಬ್ಯಾಟರಿ ಬರಿದಾಗುವ ವಿಮಾನಕ್ಕೆ ಸಹಿ ಹಾಕುವುದು ಹೇಗೆ? ಅಲ್ಲೇ ಇದ್ದ, ಪಾಟೀಲರಿಗೆ ಹಾರಲು ಕಲಿಸಿದ ಕ್ಯಾಪ್ಟನ್ನೇ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂಜಿನ್ ಚಾಲೂ ಮಾಡಿದರು. ಮುಳ್ಳು ಏರಿ, ಒಳ್ಳೆ ಹುಡುಗನ ಹಾಗೆ ನಿಂತಿತು. ಮತ್ತೆ ಮತ್ತೆ ನೋಡಿ ಸಹಿ ಹಾಕಿದೆ.

ವಿಮಾನ ಮೇಲೇರಿತು. "ಅವ್ವಂದು ಒಂದು ವಿಡಿಯೊ ಮಾಡ್ರಿ" ಎಂದು ಪಾಟೀಲರು ನನ್ನ ಪಕ್ಕಕ್ಕೆ ಬಂದು ನಿಂತರು. ಫೋನು ತೆಗೆದೆ. ಬೆಳಗ್ಗೆಯೇ ತುಂಬ ಚಾರ್ಜ್ ಮಾಡಿದ್ದ ಫೋನು ಕಪ್ಪಾಗಿ ಕೂತಿತ್ತು.

"ಪಾಟೀಲರೇ, ಒಂಚೂರು ಆ ಕಡೆ ನಿಲ್ರಿ" ಎಂದೆ.

ಪಾಪ, ಅವ್ವ ಕೊಟ್ಟು ಹೋಗಿದ್ದ ಹೋಳಿಗೆ ಡಬ್ಬಿ ಹಿಡಿದುಕೊಂಡು ಬೇಲಿಯ ತನಕ ಹೋದರು. ಫೋನು ಜೀವ ಬಂದು ಬೆಳಗಿತು.

ಕಾರಣ ಇವತ್ತಿಗೂ ನನಗೆ ತಿಳಿಯದು. ಬಲ್ಲವರಿದ್ದರೆ ಹೇಳಿ, ಕಾಲು ಮುಟ್ಟುತ್ತೇನೆ. ಆ ವಿಡಿಯೊ ಮಾತ್ರ ಇನ್ನೂ ನನ್ನ ಬಳಿ ಇದೆ. ಮೇಲೆ ಅವ್ವನ ವಿಮಾನ. ಕೆಳಗೆ ದೂರದಲ್ಲಿ, ಬಹಳ ದೂರದಲ್ಲಿ, ಡಬ್ಬಿಯನ್ನು ಕಂಕುಳಲ್ಲಿಟ್ಟು ಎರಡೂ ಕೈ ಬೀಸುತ್ತಿರುವ ಪಾಟೀಲರು.